ಗಂಟಿಲ್ಲದ ಬಿಗಿ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅದೇ ದಿನಗಳಲ್ಲಿ ತೊರವಿಯಲ್ಲಿ ದನಗಳ ಜಾತ್ರೆ. ಖಿಲಾರಿ ಹೋರಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳಲ್ಲಿ ಒಂದು ಬೆದರಿ ಜಗ್ಗಿತೆನ್ನಿ. ಹಗ್ಗ ಹಿಡಿದ ಸಣ್ಣ ಹುಡುಗ ಅದರೊಡನೆ ಬಲಾಬಲ ನೋಡಲು ಹೋಗುವುದಿಲ್ಲ. ಪಕ್ಕದ ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಹೋರಿ ಕಾಲೂರಿ ಜಗ್ಗಿದರೂ ಹಗ್ಗ ಜಾರುವುದಿಲ್ಲ. ಗೂಟಕ್ಕೆ ಒಂದು ಗಂಟೂ ಬಿದ್ದಿಲ್ಲ.

ಈ ಉಪಾಯ ನಮ್ಮ ಸೀಮೆಯ ರೈತರಿಗೆಲ್ಲ ಗೊತ್ತು. ಕಾರಣ ಕೇಳಿದರೆ ‘ಸುತ್ತು ಹಿಡೀತೈತ್ರಿ’ ಎನ್ನುತ್ತಾರೆ. ಉತ್ತರ ಸರಿಯಾದದ್ದೇ. ಆದರೆ ಒಂದು ಸುತ್ತು ಎಷ್ಟು ಹಿಡಿಯುತ್ತದೆ? ಎರಡನೆಯದು ಅದಕ್ಕೆ ಎಷ್ಟು ಸೇರಿಸುತ್ತದೆ? ಹುಡುಗ ಕೈ ಬಿಟ್ಟರೆ ಏನಾಗುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಗುರಿನಷ್ಟು ಚಿಕ್ಕ ವಸ್ತುವೊಂದನ್ನು ಕಟ್ಟುವ ಕಲೆಯೂ ಕೈಗೆ ಬರುತ್ತದೆ. ಗಾಳದ ಕೊಕ್ಕೆಗೆ ಗರಿ, ಉಣ್ಣೆ, ನೂಲು ಸುತ್ತಿ ಮಾಡುವ ಹುಳದ ಸೋಗು ಅದು. ಇಂಗ್ಲಿಷಿನವರು ಫಿಶಿಂಗ್ ಫ್ಲೈ ಎನ್ನುತ್ತಾರೆ. ನಾವಿಲ್ಲಿ ಹುಸಿಹುಳ ಎನ್ನೋಣ.

ಕೆಂಪು ಉಣ್ಣೆ, ಎರಡು ಗರಿ

ಹುಸಿಹುಳದ ಚರಿತ್ರೆ ಹಳೆಯದು. ಕ್ರಿ.ಶ. 200ರ ಸುಮಾರಿಗೆ ರೋಮಿನ ಬರಹಗಾರ ಈಲಿಯನ್ ಮ್ಯಾಸಿಡೋನಿಯದ ಅಸ್ಟ್ರೀಯಸ್ ಎಂಬ ನದಿಯ ಮೀನುಗಾರರ ಬಗ್ಗೆ ಬರೆದಿದ್ದಾನೆ. ಆ ನದಿಯ ಮೀನು ನೀರಿನ ಮೇಲೆ ಕೂರುವ ಒಂದು ನೊಣವನ್ನು ಇಷ್ಟಪಟ್ಟು ತಿನ್ನುತ್ತಿತ್ತು. ನಿಜವಾದ ನೊಣವನ್ನು ಕೊಕ್ಕೆಗೆ ಚುಚ್ಚಿದರೆ ಅದು ಬಣ್ಣಗೆಟ್ಟು, ರೆಕ್ಕೆ ಮುದುಡಿ ಹಾಳಾಗುತ್ತಿತ್ತು. ಅದಕ್ಕೇ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಜೋಲುಗಲ್ಲದ ಕೆಳಗಿನ ಎರಡು ಗರಿಗಳನ್ನು ಕಟ್ಟುತ್ತಿದ್ದರು. ಇಂದಿಗೂ ಹುಸಿಹುಳ ಕಟ್ಟುವ ಸಾಮಗ್ರಿ ಮುಖ್ಯವಾಗಿ ಇವೇ: ಕೊಕ್ಕೆ, ನೂಲು, ಉಣ್ಣೆ, ಕೋಳಿಯ ಗರಿ.

ನಮ್ಮ ನಾಡಿನಲ್ಲಿ ಗಾಳ ಹಾಕುವುದನ್ನು ವಿದ್ಯೆಯೆಂದು ಬರೆದಿಟ್ಟವನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. 1126ರಿಂದ 1138ರವರೆಗೆ ಆಳಿದ ಈ ದೊರೆಯ ರಾಜ್ಯದಲ್ಲಿ ವಿಜಯಪುರದ ಸೀಮೆಯೂ ಸೇರಿತ್ತು. ಅವನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವು ಇರುವ ನೀರು, ಯಾವ ಮೀನಿಗೆ ಯಾವ ಆಹಾರ ಒಡ್ಡಬೇಕು ಎಂಬುದೆಲ್ಲ ಅಲ್ಲಿ ಬರುತ್ತದೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಇಂದಿನ ವಿಜ್ಞಾನದ ಕಣ್ಣಿನಿಂದ ಓದಿ ಲೇಖನ ಪ್ರಕಟಿಸಿದರು.

ಬ್ರಿಟಿಷರ ಕಾಲಕ್ಕೆ ಬಂದರೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಸಿಗುತ್ತಾರೆ. ಭಾರತದ ಮೀನುಗಳನ್ನು ಗಾಳದಿಂದ ಹಿಡಿಯುವ ಬಗ್ಗೆ ಅವರು ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮುಂದೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಕುರಿತೇ ಇನ್ನೊಂದು ಪುಸ್ತಕ ತಂದರು. ನಮಗೆ ಹತ್ತಿರವಾದದ್ದು ಈ ಎರಡನೆಯದು, ಏಕೆಂದರೆ ನಮ್ಮದು ಕೆರೆಗಳ ಸೀಮೆ. ಊರೊಳಗೆ 1651ರಲ್ಲಿ ಕಟ್ಟಿದ ಬೇಗಂ ತಾಲಾಬ್ ಇದೆ, ಹತ್ತಿರದಲ್ಲೇ ಭೂತನಾಳ ಕೆರೆಯಿದೆ. ಬಬಲೇಶ್ವರ ತಾಲ್ಲೂಕಿನಲ್ಲಿ ಆದಿಲ್‌ಶಾಹಿ ಕಾಲದ ಮಮದಾಪುರದ ದೊಡ್ಡ ಕೆರೆಯಿದೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾ ಕಡೆಯ ಕೆರೆಗಳಿಗೆ ಹರಿಯತೊಡಗಿದೆ. ನೀರು ನಿಂತಲ್ಲಿ ಹುಳ ಹುಟ್ಟುತ್ತದೆ, ಹುಳವಿದ್ದಲ್ಲಿ ಮೀನು ಮೇಯುತ್ತದೆ.

ಮೀನಿನ ಊಟ ನೋಡಿ ಕಟ್ಟಬೇಕು

ಕೆರೆಯಲ್ಲಿ ಸಾಮಾನ್ಯವಾಗಿ ಬಿಡುವ ಮೀನುಗಳೆಂದರೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಕಾಟ್ಲಾ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಹುಸಿಹುಳಕ್ಕೆ ಅದು ಬಾಯಿ ಹಾಕುವುದು ಅಪರೂಪ. ರೋಹು ನಡುನೀರಿನದು, ಮೃಗಾಲ್ ತಳದ್ದು. ಸಾಮಾನ್ಯ ಗೆಂಡೆ ತಳದ ಕೆಸರನ್ನು ಬಾಯಿಗೆಳೆದುಕೊಂಡು ಅದರೊಳಗಿನ ಹುಳ ಆರಿಸಿ ತಿನ್ನುತ್ತದೆ. ಆ ಕೆಸರಿನಲ್ಲಿ ತೆಳ್ಳನೆಯ ಕೆಂಪು ಮರಿಹುಳಗಳು ವಾಸಿಸುತ್ತವೆ. ಅವು ಕಚ್ಚದ ಒಂದು ಜಾತಿಯ ಸೊಳ್ಳೆಯಂಥ ಕೀಟದ ಮರಿಗಳು. ಅವುಗಳ ಕೆಂಪಿಗೆ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಕಾರಣ. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಅವು ಬದುಕುವುದು ಅದರಿಂದಲೇ. ಕೊಕ್ಕೆಗೆ ಸುತ್ತಿದ ಕೆಂಪು ನೂಲು ಗೆಂಡೆಯ ಕಣ್ಣಿಗೆ ಊಟವಾಗಿ ಕಾಣುವುದಕ್ಕೆ ಈ ಹುಳವೇ ಕಾರಣ.

ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟದ ಮರಿಯೂ ನೀರಿನೊಳಗೇ ಬೆಳೆಯುತ್ತದೆ. ಕಂದು-ಹಸಿರು ಬಣ್ಣದ ಅದನ್ನು ಜಿಲೇಬಿ ಮೀನು ಬಿಡುವುದಿಲ್ಲ. ಹಾವಿನ ತಲೆಯಂಥ ತಲೆಯ ಮುರೆಲ್ ಬೇಟೆಗಾರ ಮೀನು. ಸಣ್ಣ ಮೀನು, ಕಪ್ಪೆಯಂತೆ ಚಲಿಸುವ ಏನಿದ್ದರೂ ಅದರ ಮೇಲೆ ಎರಗುತ್ತದೆ. ಹೊಸಬರು ಈ ಮೂರನ್ನು ನೆನಪಿಟ್ಟರೆ ಸಾಕು: ಗೆಂಡೆಗೆ ಕೆಂಪು ನೂಲಿನ ಮೈ, ಜಿಲೇಬಿಗೆ ಕಂದು ಉಣ್ಣೆಯ ಮೈ, ಮುರೆಲಿಗೆ ಉದ್ದ ಮೆತ್ತನೆಯ ಬಾಲ.

ಗರಿ ಎಲ್ಲಿಂದ ತರಬೇಕು

ವಿದೇಶದಲ್ಲಿ ಹುಸಿಹುಳಕ್ಕೆಂದೇ ಹುಂಜಗಳನ್ನು ತಳಿ ಮಾಡಿ ಸಾಕುತ್ತಾರೆ. ಅದಕ್ಕೆ ಮೊದಲು ಬಹುಕಾಲ ಭಾರತದ ನಾಟಿ ಹುಂಜದ ಕೊರಳಗರಿಗಳೇ ಅಲ್ಲಿನ ಅಂಗಡಿಗಳಿಗೆ ಹೋಗುತ್ತಿದ್ದವು. ಆ ಗರಿ ನಮ್ಮ ಹಿತ್ತಲಲ್ಲೇ ಇದೆ. ಹುಂಜದ ಕೊರಳಗರಿಯ ಎಳೆಗಳು ಬಿರುಸು, ನೀರು ಹೀರುವುದು ಕಡಿಮೆ. ನೀರಿನ ಮೇಲೆ ತೇಲುವ ಹುಸಿಹುಳಕ್ಕೆ ಅವು ಸರಿ. ಹೇಂಟೆಯ ಗರಿ ಮೆತ್ತಗೆ, ಬೇಗ ನೆನೆದು ಮುಳುಗುತ್ತದೆ, ಸಣ್ಣ ಸೆಳವಿಗೂ ಅಲುಗುತ್ತದೆ; ಕೆರೆಯ ಒಳನೀರಿಗೆ ಅದು ಉತ್ತಮ. ಗರಿಯ ಬುಡದಲ್ಲಿರುವ ತುಪ್ಪಳದಂಥ ಎಳೆಗಳನ್ನು ಎಸೆಯಬೇಡಿ, ಬಾಲಕ್ಕೆ ಅವೇ ಬೇಕು. ತಂದ ಗರಿಯನ್ನು ಸಾಬೂನಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿಡಿ.

ನವಿಲಿನ ಬಾಲದ ಗರಿಯ ಎಳೆ ಹುಳದ ಮೈಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ತಾನಾಗಿ ಉದುರಿದ್ದನ್ನು ಮಾತ್ರ ಎತ್ತಿಕೊಳ್ಳಬೇಕು. ನವಿಲು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಪೂರ್ಣ ರಕ್ಷಣೆ ಕೊಟ್ಟಿದೆ. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕೊರಳಲ್ಲಿ ಮೇಣದ ಚುಕ್ಕೆ ಇಟ್ಟಂಥ ಗರಿಗಳಿವೆ. ಬ್ರಿಟನ್ನಿನ ಸಾಲ್ಮನ್ ಮೀನಿನ ಹುಸಿಹುಳಗಳಿಗೆ ಅವು ಹಿಂದೆ ಅಪಾರವಾಗಿ ಹೋದವು. ಆ ಹಕ್ಕಿಗೂ ಇದೇ ಕಾಯ್ದೆಯ ರಕ್ಷಣೆಯಿದೆ. ಒಂದು ಮೀನಿಗಾಗಿ ಕಾಡುಹಕ್ಕಿಯ ಕೊರಳಿಗೆ ಕೈ ಹಾಕುವುದು ನಮಗೆ ಬೇಡ. ನಾಟಿ ಕೋಳಿಯ ಗರಿಯಿಂದ ಎಲ್ಲ ಕೆಲಸವೂ ಆಗುತ್ತದೆ.

ಸುತ್ತು ಕೂಡುವುದಿಲ್ಲ, ಗುಣಿಸುತ್ತದೆ

ಈಗ ಹೋರಿಯ ಹಗ್ಗಕ್ಕೆ ಬರೋಣ. ಒಂದು ಸುತ್ತು 10 ಕಿಲೊ ತಡೆದರೆ ಎರಡು ಸುತ್ತು 20 ಕಿಲೊ ತಡೆಯಬೇಕು ಎಂದು ನಮಗೆ ಅನಿಸುತ್ತದೆ. ನಿಜ ಹಾಗಿಲ್ಲ. ಗೂಟಕ್ಕೆ ಒತ್ತಿಕೊಂಡ ಹಗ್ಗದ ಒಂದೊಂದು ಬೆರಳಗಲದ ತುಂಡೂ ತನ್ನ ಮೇಲೆ ಬಿದ್ದ ಸೆಳೆತದಲ್ಲಿ ಸ್ವಲ್ಪ ಪಾಲನ್ನು ಉಜ್ಜಾಟದಿಂದ ಗೂಟಕ್ಕೆ ಕೊಟ್ಟು, ಉಳಿದದ್ದನ್ನು ಮುಂದಿನ ತುಂಡಿಗೆ ದಾಟಿಸುತ್ತದೆ. ಮುಂದಿನ ತುಂಡು ಆ ಉಳಿದದ್ದರಲ್ಲಿ ಅಷ್ಟೇ ಪಾಲನ್ನು ಮತ್ತೆ ಕಡಿಮೆ ಮಾಡುತ್ತದೆ. ಹೀಗೆ ಪ್ರತಿ ಸುತ್ತೂ ಸೆಳೆತವನ್ನು ಒಂದೇ ಪ್ರಮಾಣದಿಂದ ಭಾಗಿಸುತ್ತ ಹೋಗುತ್ತದೆ.

ಹಗ್ಗಕ್ಕೂ ಮರಕ್ಕೂ ನಡುವೆ ಸಾಧಾರಣ ಒರಟಿದ್ದರೆ ಒಂದು ಪೂರ್ಣ ಸುತ್ತು ಸೆಳೆತವನ್ನು ಸುಮಾರು ಆರೂವರೆ ಪಟ್ಟು ಇಳಿಸುತ್ತದೆ. ಹೋರಿ 100 ಕಿಲೊ ಭಾರದಷ್ಟು ಜಗ್ಗಿದರೆ, ಒಂದು ಸುತ್ತಿನ ಆಚೆ ಹುಡುಗನ ಕೈಗೆ ಬರುವುದು 15 ಕಿಲೊ. ಎರಡು ಸುತ್ತಿಗೆ 2.3 ಕಿಲೊ. ಮೂರನೆಯ ಸುತ್ತು ಬಿದ್ದರೆ 350 ಗ್ರಾಂ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಐಲರ್ ಹಾಗೂ ಆತನ ನಂತರ ಜರ್ಮನಿಯ ಎಂಜಿನಿಯರ್ ಐಟೆಲ್‌ವೈನ್ ಈ ಲೆಕ್ಕಕ್ಕೆ ರೂಪ ಕೊಟ್ಟರು. ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಈ ಇಳಿಕೆ ಗೂಟದ ದಪ್ಪವನ್ನು ಅವಲಂಬಿಸಿಲ್ಲ. ಎಷ್ಟು ಸುತ್ತು, ಎಷ್ಟು ಒರಟು ಎಂಬುವೆರಡೇ ಮುಖ್ಯ. ಹತ್ತು ಸೆಂಟಿಮೀಟರ್ ದಪ್ಪದ ಗೂಟಕ್ಕೂ ಒಂದು ಮಿಲಿಮೀಟರ್ ದಪ್ಪದ ಕೊಕ್ಕೆಗೂ ನಿಯಮ ಒಂದೇ.

ಆದರೆ ಹುಡುಗನ ಕೈಯನ್ನು ಮರೆಯಬಾರದು. ಸುತ್ತುಗಳು ಅವನ ಹಿಡಿತವನ್ನು ಹತ್ತಾರು ಪಟ್ಟು ಹಿಗ್ಗಿಸುತ್ತವೆ, ನಿಜ. ಅವನು ಕೈ ಬಿಟ್ಟರೆ ಹಿಗ್ಗಿಸಲು ಏನೂ ಉಳಿಯುವುದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಹುಸಿಹುಳ ಕಟ್ಟುವ ಎಲ್ಲ ಉಪಕರಣ, ಎಲ್ಲ ಕೈಚಳಕದ ಗುರಿ ಇದೊಂದೇ: ನೂಲಿನ ತುದಿಯಲ್ಲಿ ಆ ಸಣ್ಣ ಹಿಡಿತ ಒಂದು ಕ್ಷಣವೂ ಸೊನ್ನೆಯಾಗದಂತೆ ನೋಡಿಕೊಳ್ಳುವುದು.

ಮನೆಯಲ್ಲೇ ಮಾಡಿ ನೋಡಿ

ಒಂದು ದುಂಡು ಪೆನ್ಸಿಲನ್ನು ಮೇಜಿನ ಅಂಚಿನಿಂದ ಅರ್ಧ ಹೊರಚಾಚುವಂತೆ ಇಟ್ಟು, ಉಳಿದರ್ಧದ ಮೇಲೆ ಭಾರದ ಪುಸ್ತಕಗಳನ್ನು ಹೇರಿ. ಹೊಲಿಗೆಯ ಪಾಲಿಯೆಸ್ಟರ್ ನೂಲಿನ ಒಂದು ತುದಿಗೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಕಟ್ಟಿ. ಇನ್ನೊಂದು ತುದಿಗೆ 10 ರೂಪಾಯಿಯ ನಾಣ್ಯವನ್ನು ಟೇಪಿನಿಂದ ಅಂಟಿಸಿ. ನಾಣ್ಯದ ತೂಕ 8 ಗ್ರಾಮಿಗೂ ತುಸು ಕಡಿಮೆ. ಬಾಟಲಿ ಅದಕ್ಕಿಂತ 60 ಪಟ್ಟಿಗೂ ಹೆಚ್ಚು ಭಾರ. ನೂಲನ್ನು ಪೆನ್ಸಿಲ್ ಮೇಲೆ ಸುಮ್ಮನೆ ಹಾಯಿಸಿದರೆ ಬಾಟಲಿ ಕೆಳಗಿಳಿದು ನಾಣ್ಯ ಮೇಲೇರುತ್ತದೆ. ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಒಂದೊಂದು ಸುತ್ತು ಹೆಚ್ಚಿಸುತ್ತ ಬನ್ನಿ. ಸುತ್ತುಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಇರಲಿ. ಎರಡರಿಂದ ನಾಲ್ಕು ಸುತ್ತುಗಳ ನಡುವೆ ಎಲ್ಲೋ ಒಂದು ಕಡೆ ಬಾಟಲಿ ನಿಂತುಬಿಡುತ್ತದೆ. ಬರೀ ನಾಣ್ಯ ಅರ್ಧ ಲೀಟರ್ ನೀರನ್ನು ಹಿಡಿದಿರುತ್ತದೆ.

ಈಗ ನೂಲಿಗೆ ಅಂಟಂಟಾದ ಜೇನುಮೇಣ ಸವರಿ ಮತ್ತೆ ನೋಡಿ. ಕಡಿಮೆ ಸುತ್ತಿಗೇ ಬಾಟಲಿ ನಿಲ್ಲುತ್ತದೆ. ನುಣುಪು ಪೆನ್ಸಿಲ್ ಮೇಲೆ ನೂಲಿನ ಒರಟು ಮರದ ಮೇಲಿನ ಹಗ್ಗದ್ದಕ್ಕಿಂತ ಕಡಿಮೆ. ಮೇಣದಿಂದ ಅದು ಅರ್ಧ ಪಟ್ಟು ಹೆಚ್ಚಿತೆನ್ನಿ, ಮೂರು ಸುತ್ತಿನ ಹಿಡಿತ 43 ಪಟ್ಟಿನಿಂದ 286 ಪಟ್ಟಿಗೆ ಏರುತ್ತದೆ. ಹುಸಿಹುಳ ಕಟ್ಟುವವರು ನೂಲಿಗೆ ಮೇಣ ಹಚ್ಚುವ ಹಳೆಯ ಪದ್ಧತಿಯ ಹಿಂದೆ ಈ ಗುಣಾಕಾರವಿದೆ. ಕೊನೆಗೆ ನಾಣ್ಯವನ್ನು ಕಿತ್ತುಬಿಡಿ. ಅಷ್ಟು ಸುತ್ತುಗಳಿದ್ದರೂ ನೂಲು ಸರಸರನೆ ಜಾರಿ ಬಾಟಲಿ ಬೀಳುತ್ತದೆ. ಕೆಳಗೆ ದಿಂಬು ಇಟ್ಟಿರಿ.

ಸಣ್ಣ ನೂಲಿನ ದೊಡ್ಡ ಒತ್ತಡ

ನೂಲು ಜಾರದಿದ್ದರೆ ಸಾಲದು, ಗರಿಯನ್ನು ಕೊಕ್ಕೆಗೆ ಒತ್ತಿ ಹಿಡಿಯಲೂ ಬೇಕು. ಒಂದು ಸುತ್ತು ಒಳಮುಖವಾಗಿ ಒತ್ತುವ ಒಟ್ಟು ಬಲ ನೂಲಿನ ಸೆಳೆತದ ಆರು ಪಟ್ಟಿಗಿಂತ ತುಸು ಹೆಚ್ಚು. 50 ಗ್ರಾಂ ಭಾರದಷ್ಟು ಬಿಗಿಯಲ್ಲಿ ಸುತ್ತಿದರೆ ಒಂದು ಸುತ್ತಿನ ಒತ್ತು ಸುಮಾರು 314 ಗ್ರಾಂ. ಅಂಥ ಹತ್ತು ಸುತ್ತು ಬಿದ್ದರೆ 3 ಕಿಲೊ ಮೀರುತ್ತದೆ. ಇಲ್ಲಿ ಮಾತ್ರ ದಪ್ಪದ ಲೆಕ್ಕ ಬರುತ್ತದೆ. ಹತ್ತು ಸೆಂಟಿಮೀಟರ್ ಗೂಟದ ಸುತ್ತಳತೆಯ ಮೇಲೆ ಆ 314 ಗ್ರಾಂ ಹರಡಿದರೆ ಮಿಲಿಮೀಟರಿಗೆ 1 ಗ್ರಾಂ. ಒಂದು ಮಿಲಿಮೀಟರ್ ಕೊಕ್ಕೆಯ ಮೇಲಾದರೆ ಮಿಲಿಮೀಟರಿಗೆ 100 ಗ್ರಾಂ. ಕೊಕ್ಕೆ ತೆಳುವಾದಷ್ಟೂ ನೂಲು ಗರಿಯನ್ನು ಹೆಚ್ಚು ಕಚ್ಚುತ್ತದೆ.

ಹೊಸಬರು ಗಟ್ಟಿಯಾಗಲೆಂದು ದಪ್ಪ ನೂಲು ಹಿಡಿಯುತ್ತಾರೆ. ಆದರೆ ಅದೇ ಜಾಗದಲ್ಲಿ ತೆಳು ನೂಲಿನ ಹೆಚ್ಚು ಸುತ್ತು ಹಿಡಿಸುತ್ತವೆ, ಪ್ರತಿ ಸುತ್ತೂ ಒತ್ತುತ್ತದೆ, ಹುಳವೂ ಉಬ್ಬುವುದಿಲ್ಲ. ನೂಲಿನ ತೆಳುವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಹುಸಿಹುಳಕ್ಕೆ 70 ಅಥವಾ 140 ಡೆನಿಯರ್ ಬಳಸುವುದು ರೂಢಿ. ಅದು ಸಿಗದಿದ್ದರೆ ಅಂಗಡಿಯಲ್ಲಿರುವ ಅತಿ ತೆಳು ಪಾಲಿಯೆಸ್ಟರ್ ನೂಲಿನಿಂದ ಆರಂಭಿಸಬಹುದು. ಹತ್ತಿಯ ನೂಲು ಬೇಡ. ನೀರಿನಲ್ಲಿ ನೆನೆದು ನೆನೆದು ಕೊಳೆಯುತ್ತದೆ.

ಆರು ಉಪಕರಣ, ಒಂದೇ ಕೆಲಸ

ಮೊದಲನೆಯದು ಕೊಕ್ಕೆಹಿಡಿ, ಅಂದರೆ ವೈಸ್. ಕೊಕ್ಕೆಯನ್ನು ಬಾಗಿನ ಬಳಿ ಕಚ್ಚಿ ಹಿಡಿಯುವ ಸಣ್ಣ ದವಡೆ. ನೂಲು ಎಳೆದಾಗ ಕೊಕ್ಕೆ ಅಲುಗಿದರೆ ಬಿಗಿ ಸಡಿಲುತ್ತದೆ. ಕೊಕ್ಕೆಯ ಮೇಲೆ ಬೆರಳಿಟ್ಟು ಒತ್ತಿದಾಗ ಅದು ಬಾಗಿ ಚಿಮ್ಮಬೇಕೇ ಹೊರತು ದವಡೆಯಲ್ಲಿ ಜಾರಬಾರದು. ಮೇಜಿಗೆ ಬಿಗಿಯುವ ಸಣ್ಣ ಕಬ್ಬಿಣದ ವೈಸಿನಲ್ಲೂ ಕಲಿಕೆ ಶುರು ಮಾಡಬಹುದು.

ಎರಡನೆಯದು ನೂಲುಗೊಳವೆ. ಇಂಗ್ಲಿಷಿನಲ್ಲಿ ಬಾಬಿನ್ ಹೋಲ್ಡರ್. ಎರಡು ತಂತಿ ತೋಳುಗಳ ನಡುವೆ ನೂಲಿನ ಉಂಡೆ, ಮುಂದೆ ಸಪೂರ ಕೊಳವೆ. ನೂಲು ಕೊಳವೆಯ ಮೂಲಕ ಬರುತ್ತದೆ. ತೋಳುಗಳು ಉಂಡೆಯನ್ನು ಒತ್ತಿಕೊಂಡಿರುವುದರಿಂದ ಎಳೆದರಷ್ಟೇ ನೂಲು ಬಿಚ್ಚುತ್ತದೆ. ಗರಿ ಆರಿಸಲು ನೀವು ಕೈ ಬಿಟ್ಟರೂ ನೂಲುಗೊಳವೆ ಕೊಕ್ಕೆಯಿಂದ ಇಳಿಬಿದ್ದು ತನ್ನ ಭಾರದಿಂದಲೇ ನೂಲನ್ನು ಬಿಗಿಯಾಗಿಡುತ್ತದೆ. ತೊರವಿಯ ಹುಡುಗನ ಕೈ ಮಾಡುವ ಕೆಲಸ ಇದು. ಆರರಲ್ಲಿ ಅತಿ ಮುಖ್ಯವಾದದ್ದು ಇದೇ. ಕೊಳವೆಯ ತುದಿ ನಯವಾಗಿರಬೇಕು. ಅಲ್ಲಿ ಸಣ್ಣ ಒರಟಿದ್ದರೂ ನೂಲು ಹರಿಯುತ್ತದೆ.

ಮೂರನೆಯದು ಮೊನೆ ಸಪೂರವಾದ ಕತ್ತರಿ. ಗರಿಯನ್ನು ಕೊಕ್ಕೆಗೆ ಹತ್ತಿರದಲ್ಲೇ ಕತ್ತರಿಸಬೇಕು, ಬಿಗಿಯಾದ ನೂಲಿಗೆ ತಾಗಬಾರದು. ನಾಲ್ಕನೆಯದು ಗರಿಚಿಮಟ, ಅಂದರೆ ಹ್ಯಾಕಲ್ ಪ್ಲೈಯರ್. ಬೆರಳಿಗೆ ಸಿಗದ ಗರಿಯ ತುದಿಯನ್ನು ಹಿಡಿದು ಸುತ್ತಲು ಬೇಕು. ಐದನೆಯದು ದಬ್ಬಣ. ಚೀಲ ಹೊಲಿಯುವ ದಬ್ಬಣಕ್ಕಿಂತ ಸಪೂರದ್ದು ಸಿಕ್ಕರೆ ಒಳ್ಳೆಯದು. ಸಿಕ್ಕಿಬಿದ್ದ ಎಳೆಗಳನ್ನು ಬಿಡಿಸಲು, ಅಂಟಿನ ಹನಿ ಇಡಲು ಅದು ಬರುತ್ತದೆ. ಆರನೆಯದು ಕೊನೆಯ ಸುತ್ತು ಹಾಕುವ ಬಾಗಿದ ತಂತಿ, ವಿಪ್ ಫಿನಿಶರ್. ಅದರ ಕೆಲಸವನ್ನು ಬೆರಳುಗಳೂ ಮಾಡಬಲ್ಲವು.

ಕೊಕ್ಕೆಯ ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು. ಕಲಿಯಲು 8 ಅಥವಾ 10ರ ಕೊಕ್ಕೆ ಸರಿ. ಅದಕ್ಕಿಂತ ಚಿಕ್ಕದರಲ್ಲಿ ನೂಲು ಎಲ್ಲಿ ಬೀಳುತ್ತಿದೆಯೆಂದು ಹೊಸ ಕಣ್ಣಿಗೆ ಕಾಣುವುದಿಲ್ಲ.

ಮೊದಲ ಸುತ್ತು, ಚಿವುಟು ಸುತ್ತು

ಕೊಕ್ಕೆಯ ಉದ್ದನೆಯ ನೇರ ಭಾಗವನ್ನು ದಂಟು ಎನ್ನೋಣ. ಕಣ್ಣು ಬಲಕ್ಕೆ, ಬಾಗು ಎಡಕ್ಕೆ ಇರುವಂತೆ ಕೊಕ್ಕೆ ಸಿಕ್ಕಿಸಿ. ನೂಲಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ನೂಲುಗೊಳವೆಯನ್ನು ದಂಟಿನ ಮೇಲಿಂದ ಆಚೆಗೆ, ಕೆಳಗಿನಿಂದ ಈಚೆಗೆ ತನ್ನಿ. ಕಣ್ಣಿನ ಕಡೆಗೆ ಮೂರು-ನಾಲ್ಕು ಸುತ್ತು ಹಾಕಿ, ಅಲ್ಲಿಂದ ತಿರುಗಿ ಆ ಸುತ್ತುಗಳ ಮೇಲೆಯೇ ಬಾಗಿನ ಕಡೆಗೆ ಐದಾರು ಸುತ್ತು ಬನ್ನಿ. ಎಡಗೈಯ ತುದಿ ಸುತ್ತುಗಳ ಅಡಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕತ್ತರಿಸಿ. ಗಂಟಿಲ್ಲದೆ ನೂಲು ನಿಂತಿತು. ನುಣುಪಾದ ಉಕ್ಕಿನ ಮೇಲೆ ಈಗ ನೂಲಿನ ಹಾಸು ಬಿದ್ದಿದೆ. ಮುಂದೆ ಕಟ್ಟುವುದೆಲ್ಲ ಈ ಒರಟಿನ ಮೇಲೆ ಕೂರುತ್ತದೆ. ಬರಿಯ ಉಕ್ಕಿನ ಮೇಲೆ ಗರಿ ಕಟ್ಟಿದರೆ ಅದು ದಂಟಿನ ಸುತ್ತ ತಿರುಗುವುದು ಖಂಡಿತ.

ಮುಂದಿನ ತೊಡಕು ಎಲ್ಲ ಹೊಸಬರಿಗೂ ಎದುರಾಗುತ್ತದೆ. ದಂಟಿನ ನೆತ್ತಿಯ ಮೇಲಿಟ್ಟ ಗರಿ, ನೂಲು ಬಿಗಿದ ಕೂಡಲೇ ಆಚೆ ಪಕ್ಕಕ್ಕೆ ಜಾರುತ್ತದೆ. ನೂಲು ಗರಿಯ ಮೇಲೆ ಉಜ್ಜುತ್ತ ಆಚೆಗೆ ಹೋಗುತ್ತಿರುವುದರಿಂದ ಗರಿಯನ್ನೂ ಜತೆಗೆ ಎಳೆದೊಯ್ಯುತ್ತದೆ. ಹಿಡಿಸುವ ಉಜ್ಜಾಟವೇ ಇಲ್ಲಿ ಜಾರಿಸುತ್ತಿದೆ. ಪರಿಹಾರಕ್ಕೆ ಚಿವುಟು ಸುತ್ತು ಎನ್ನಬಹುದು. ಇಂಗ್ಲಿಷಿನಲ್ಲಿ ಪಿಂಚ್ ರ‍್ಯಾಪ್. ಗರಿಯನ್ನೂ ದಂಟನ್ನೂ ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಚಿವುಟಿ ಹಿಡಿಯಿರಿ. ನೂಲನ್ನು ಆ ಬೆರಳುಗಳ ಸಂದಿಯಲ್ಲಿ ಮೇಲಕ್ಕೆ ತಂದು, ಗರಿಯ ಮೇಲೆ ಸಡಿಲ ಕುಣಿಕೆ ಬಿಟ್ಟು, ಆಚೆ ಬದಿಯ ಸಂದಿಯಲ್ಲಿ ಕೆಳಗಿಳಿಸಿ. ಈಗ ನೇರ ಕೆಳಗೆ ಎಳೆಯಿರಿ. ಕುಣಿಕೆ ಬೆರಳುಗಳೊಳಗೇ ಮುಚ್ಚಿಕೊಂಡು ಗರಿಯನ್ನು ನೆತ್ತಿಯ ಮೇಲೆಯೇ ಅದುಮುತ್ತದೆ. ಹೀಗೆ ಎರಡು-ಮೂರು ಬಾರಿ ಆದ ಮೇಲೆ ಬೆರಳು ತೆಗೆಯಿರಿ. ಬೇಗ ಬಿಟ್ಟರೆ ಗರಿ ಹೊರಳುತ್ತದೆ.

ನೂಲಿನ ಹುರಿಯನ್ನೂ ಗಮನಿಸಿ. ಇಳಿಬಿಟ್ಟ ನೂಲುಗೊಳವೆಯನ್ನು ಒಂದು ದಿಕ್ಕಿಗೆ ತಿರುಗಿಸಿದರೆ ನೂಲು ಹುರಿಗೊಂಡು ದುಂಡಾಗುತ್ತದೆ. ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಎಳೆಗಳು ಬಿಚ್ಚಿ ಚಪ್ಪಟೆಯಾಗುತ್ತದೆ. ಹುರಿ ನೂಲು ಒಂದೇ ಗೆರೆಯಲ್ಲಿ ಕಚ್ಚುತ್ತದೆ, ಗರಿಯ ದಂಡನ್ನು ಬಂಧಿಸಲು ಅದು ಸರಿ. ಚಪ್ಪಟೆ ನೂಲು ಒತ್ತಡವನ್ನು ಹರಡುತ್ತದೆ, ಸಮತಟ್ಟಾದ ಮೈಗೆ ಅದು ಸರಿ.

ಬಾಲ, ಮೈ, ಕೊರಳು

ಜಿಲೇಬಿ ಮೀನಿಗೂ, ಮೈಗೆ ಕೆಂಪು ನೂಲು ಸುತ್ತಿದರೆ ಗೆಂಡೆಗೂ ಒಪ್ಪುವ ಒಂದು ಸರಳ ಹುಸಿಹುಳ ಕಟ್ಟೋಣ. ಹೇಂಟೆಯ ಗರಿಯ ಬುಡದ ತುಪ್ಪಳದಿಂದ ಒಂದು ಚಿಟಿಕೆ ತೆಗೆದು, ದಂಟಿನಷ್ಟು ಉದ್ದದ ಬಾಲವಾಗಿ ಬಾಗಿನ ಬಳಿ ಚಿವುಟು ಸುತ್ತಿನಿಂದ ಕಟ್ಟಿ. ಬಾಲದ ಉಳಿದ ತುದಿಯನ್ನು ಅಲ್ಲಿಯೇ ಕತ್ತರಿಸಬೇಡಿ. ದಂಟಿನ ಉದ್ದಕ್ಕೂ ಮಲಗಿಸಿ ಅದರ ಮೇಲೆ ನೂಲು ಸುತ್ತಿ ಬನ್ನಿ; ಹೆಚ್ಚು ಸುತ್ತಿನ ಅಡಿ ಸಿಕ್ಕಷ್ಟೂ ಹೆಚ್ಚು ಬಲ.

ಮೈಗೆ ಕಂದು ಉಣ್ಣೆಯ ಒಂದು ಎಳೆ ಬಾಲದ ಬಳಿ ಕಟ್ಟಿ. ನೂಲನ್ನು ಕಣ್ಣಿನ ಕಡೆ ಮುಂದೆ ತಂದು ನಿಲ್ಲಿಸಿ. ಉಣ್ಣೆಯನ್ನು ಒತ್ತೊತ್ತಾಗಿ ಸುತ್ತುತ್ತ ಮುಂದೆ ಬಂದು, ನೂಲಿನಿಂದ ಮೂರು ಗಟ್ಟಿ ಸುತ್ತು ಹಾಕಿ ಉಳಿದದ್ದನ್ನು ಕತ್ತರಿಸಿ. ನವಿಲುಗರಿಯ ಎಳೆ ಬಳಸುವುದಾದರೆ ಮೂರು-ನಾಲ್ಕು ಎಳೆಗಳನ್ನು ನೂಲಿನೊಡನೆ ಹುರಿಮಾಡಿ ಸುತ್ತಬೇಕು. ಬಿಡಿ ಎಳೆ ಬಹಳ ಪೆಡಸು. ಮೀನಿನ ಹಲ್ಲು ತಾಗಿದರೆ ಮುರಿದು ಇಡೀ ಮೈ ಬಿಚ್ಚುತ್ತದೆ.

ಕಣ್ಣಿನ ಹಿಂದೆ ಎರಡು ಮಿಲಿಮೀಟರ್ ಜಾಗ ಉಳಿದಿರಲೇಬೇಕು. ಹೊಸಬರ ಹುಸಿಹುಳಗಳಲ್ಲಿ ಬಹುಪಾಲು ಈ ಜಾಗ ಮುಗಿದುಹೋಗಿಯೇ ಕೆಡುತ್ತವೆ. ಕಣ್ಣಿನ ಮೇಲೆ ನೂಲು ಏರಿದರೆ ಗಾಳದ ದಾರ ಪೋಣಿಸಲು ಆಗುವುದಿಲ್ಲ. ಈ ಜಾಗದ ಹಿಂದೆ ಹೇಂಟೆಯ ಒಂದು ಕೊರಳಗರಿಯನ್ನು ಬುಡದಿಂದ ಕಟ್ಟಿ, ತುದಿಯನ್ನು ಗರಿಚಿಮಟದಿಂದ ಹಿಡಿದು ಎರಡೇ ಸುತ್ತು ಹಾಕಿ. ಗರಿಯ ದಂಡು ದಂಟಿಗೆ ಸುತ್ತಿಕೊಂಡಂತೆ ಎಳೆಗಳು ಸುತ್ತಲೂ ನೆಟ್ಟಗೆ ನಿಲ್ಲುತ್ತವೆ. ನೀರಿನಲ್ಲಿ ಗಾಳ ಎಳೆದಾಗ ಅವು ಹಿಂದಕ್ಕೆ ಮಡಚುತ್ತವೆ, ನಿಲ್ಲಿಸಿದಾಗ ಅರಳುತ್ತವೆ. ಮೀನಿಗೆ ಹುಳ ಜೀವಂತವಾಗಿ ಕಾಣುವುದು ಈ ಮಡಚಿ ಅರಳುವಿಕೆಯಿಂದ.

ಮುಚ್ಚುಸುತ್ತು: ಕೈಯ ಕೆಲಸ ನೂಲಿಗೆ

ಇನ್ನು ಕೊನೆಯ ಪ್ರಶ್ನೆ. ನೂಲು ಕತ್ತರಿಸಿದ ಕ್ಷಣ ನೂಲುಗೊಳವೆಯ ಭಾರ ಹೋಗುತ್ತದೆ. ತುದಿಯ ಹಿಡಿತ ಸೊನ್ನೆಗಿಳಿದರೆ ಹಿಂದಿನ ಸುತ್ತುಗಳೆಲ್ಲ ನಾಣ್ಯ ಕಿತ್ತ ನೂಲಿನಂತೆ ಸಡಿಲಗೊಳ್ಳಬೇಕು. ಅದನ್ನು ತಡೆಯುವುದು ಮುಚ್ಚುಸುತ್ತು, ಅಂದರೆ ವಿಪ್ ಫಿನಿಶ್.

ನೂಲಿನಿಂದ ಒಂದು ಕುಣಿಕೆ ಮಾಡಿ. ನೂಲುಗೊಳವೆಯ ಕಡೆಯ ನೂಲು ದಂಟಿಗೆ ಸಮನಾಗಿ ಉದ್ದಕ್ಕೆ ಮಲಗಿರಲಿ. ಕುಣಿಕೆಯ ಇನ್ನೊಂದು ಬದಿಯನ್ನು ಆ ಮಲಗಿದ ನೂಲಿನ ಮೇಲೆ, ಕಣ್ಣಿನ ಹಿಂದೆ, ಐದು ಸುತ್ತು ಸುತ್ತಿ. ಕುಣಿಕೆಯೊಳಗೆ ದಬ್ಬಣ ತೂರಿಸಿ ಬಿಗಿ ಕಾಯ್ದುಕೊಂಡು, ನೂಲುಗೊಳವೆಯನ್ನು ಎಳೆಯುತ್ತ ಹೋಗಿ. ಕುಣಿಕೆ ಚಿಕ್ಕದಾಗುತ್ತ ಸುತ್ತುಗಳ ಅಡಿ ಸೇರುತ್ತದೆ. ಕೊನೆಯಲ್ಲಿ ದಬ್ಬಣ ತೆಗೆದು ಪೂರ್ತಿ ಬಿಗಿಯಿರಿ, ನೂಲು ಕತ್ತರಿಸಿ.

ಏನಾಯಿತು ನೋಡಿ. ನೂಲಿನ ತುದಿ ಈಗ ತನ್ನದೇ ಐದು ಸುತ್ತುಗಳ ಕೆಳಗೆ ಮಲಗಿದೆ. ಪ್ರತಿ ಸುತ್ತೂ ಅದನ್ನು ದಂಟಿಗೆ ಅದುಮುತ್ತಿದೆ. ಅದುಮಿದ್ದರಿಂದ ತುದಿಯಲ್ಲಿ ಒಂದು ಸಣ್ಣ ಹಿಡಿತ ಹುಟ್ಟಿತು. ಆ ಸಣ್ಣ ಹಿಡಿತವನ್ನು ಸುತ್ತುಗಳು ಗುಣಿಸುತ್ತವೆ: ಮೇಣದ ನೂಲಿನ ಐದು ಸುತ್ತಿಗೆ ಲೆಕ್ಕದ ಪ್ರಕಾರ ಹನ್ನೆರಡು ಸಾವಿರ ಪಟ್ಟು. ನೂಲು ಹರಿಯುತ್ತದೆಯೇ ಹೊರತು ಜಾರಿ ಬಿಚ್ಚುವುದಿಲ್ಲ. ಹೊರಗಿನ ಸೆಳೆತ ಹೆಚ್ಚಿದರೆ ಸುತ್ತುಗಳು ಇನ್ನಷ್ಟು ಬಿಗಿಯುತ್ತವೆ, ಬಿಗಿದಷ್ಟೂ ಅಡಿಯ ತುದಿ ಹೆಚ್ಚು ಅದುಮಿಕೊಳ್ಳುತ್ತದೆ. ಗೂಟದ ಬಳಿ ಹಿಡಿಯುವವನು ಬೇರೆ, ಸುತ್ತು ಬೇರೆ ಇದ್ದವು. ಇಲ್ಲಿ ಸುತ್ತುಗಳೇ ತುದಿಯನ್ನು ಹಿಡಿದಿವೆ, ತುದಿಯೇ ಸುತ್ತುಗಳನ್ನು ಹಿಡಿದಿದೆ. ತಲೆಗೆ ಒಂದು ಹನಿ ನೇಲ್ ಪಾಲಿಷ್ ಇಟ್ಟರೆ ನೀರಿಗೂ ಹಲ್ಲಿಗೂ ರಕ್ಷಣೆ ಸಿಗುತ್ತದೆ. ಆದರೆ ಸಡಿಲ ಸುತ್ತನ್ನು ಅಂಟು ಕಾಪಾಡಲಾರದು.

ಪರೀಕ್ಷೆ

ಕಟ್ಟಿದ ಹುಸಿಹುಳದ ಬಾಲವನ್ನು ಹಿಡಿದು ಎಳೆಯಿರಿ. ಕೊರಳಗರಿಯನ್ನು ದಂಟಿನ ಸುತ್ತ ತಿರುಗಿಸಲು ನೋಡಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಮತ್ತೆ ಎಳೆಯಿರಿ. ಎಲ್ಲಿ ಜಾರಿತೋ ಆ ಭಾಗ ಕಟ್ಟುವಾಗ ನೂಲಿನ ಬಿಗಿ ತಪ್ಪಿತ್ತು ಎಂದು ತಿಳಿಯಿರಿ. ಹಳೆಯ ಒಂದನ್ನು ಬ್ಲೇಡಿನಿಂದ ತಲೆಯ ಕಡೆಯಿಂದ ಬಿಚ್ಚುತ್ತ ಬನ್ನಿ. ಯಾವ ಸುತ್ತು ಯಾವುದನ್ನು ಹಿಡಿದಿತ್ತು ಎಂಬುದು ಒಂದೊಂದಾಗಿ ಕಾಣುತ್ತದೆ.

ಕೆರೆಗೆ ಹೋಗುವ ಮುನ್ನ ಎರಡು ಕೆಲಸ ಬಾಕಿ. ನಮ್ಮ ಕೆರೆಗಳಲ್ಲಿ ಹಲವನ್ನು ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವರ ಅನುಮತಿ ಕೇಳಿಯೇ ಗಾಳ ಹಾಕಬೇಕು, ಅವರ ಜೀವನ ಆ ಮೀನಿನ ಮೇಲಿದೆ. ಕೊಕ್ಕೆಯ ಮೊನೆಯ ಹಿಂದಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ; ಬಿಡಬೇಕಾದ ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಬಹುದು, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ.

ಮೊದಲ ಹತ್ತು ಹುಸಿಹುಳಗಳನ್ನು ಒಂದೇ ಕೊಕ್ಕೆ, ಒಂದೇ ಉಣ್ಣೆ, ಒಂದೇ ಕೋಳಿಯ ಗರಿಯಿಂದ ಕಟ್ಟಿ. ಬಣ್ಣ, ಅಳತೆ ಬದಲಿಸುವ ಆಸೆಯನ್ನು ಅಲ್ಲಿಯವರೆಗೆ ತಡೆಯಿರಿ. ಉಳಿದೆಲ್ಲ ಒಂದೇ ಆಗಿದ್ದು ನೂಲಿನ ಬಿಗಿಯೊಂದೇ ಬದಲಾದಾಗ, ಹತ್ತನ್ನೂ ಸಾಲಾಗಿಟ್ಟು ಎಳೆದು ನೋಡಿದರೆ ಸಾಕು. ನಿಮ್ಮ ಕೈಗೆ ಎಷ್ಟು ಬಿಗಿ ಸರಿ ಎಂಬುದನ್ನು ಅವೇ ತೋರಿಸಿಕೊಡುತ್ತವೆ.